ಆರು ವರ್ಷದ ಓಟ: ಉತ್ತರ ಕನ್ನಡದ ಸಿದ್ದಿ ಮಕ್ಕಳ ಕಥೆ

2015ರ ಜೂನ್‌ನಲ್ಲಿ ಪಂಜಾಬಿನ ಸತ್ನಾಂ ಸಿಂಗ್ ಅನ್ನೋ 19 ವರ್ಷದ ಹುಡುಗನನ್ನು ಅಮೆರಿಕದ ಬಾಸ್ಕೆಟ್‌ಬಾಲ್ ತಂಡ ಡಲ್ಲಾಸ್ ಮಾವೆರಿಕ್ಸ್ ಆರಿಸಿಕೊಂಡಾಗ ಪೇಪರುಗಳಲ್ಲೆಲ್ಲ ಅವನದೇ ಸುದ್ದಿ. ಭಾರತದಲ್ಲಿ ಹುಟ್ಟಿದವನೊಬ್ಬ ಎನ್‌ಬಿಎ ಆಯ್ಕೆಪಟ್ಟಿಗೆ ಸೇರಿದ್ದು ಅದೇ ಮೊದಲು. ಏಳು ಅಡಿ ಎರಡಂಗುಲದ ಆಳು! ಆ ಸುದ್ದಿ ಓದುವಾಗ ನನಗೆ ಮಾತ್ರ ನಮ್ಮ ಹಳಿಯಾಳ, ಮುಂಡಗೋಡದ ಕಡೆಯ ಕೆಲವು ಮಕ್ಕಳ ನೆನಪಾಯಿತು. ಅವರನ್ನೂ ಒಮ್ಮೆ ಹೀಗೇ, ಮೈಕಟ್ಟು ನೋಡಿ, ದೊಡ್ಡ ಕನಸು ಕಟ್ಟಿಕೊಂಡು ಕರೆದುಕೊಂಡು ಹೋಗಿದ್ದರು.

ದಾಂಡೇಲಿ ಅಂದರೆ ಕಾಳಿ ನದಿಯ ರಾಫ್ಟಿಂಗು ಮತ್ತು ಕಾಗದದ ಕಾರ್ಖಾನೆ, ಹಳಿಯಾಳ ಅಂದರೆ ಕುಸ್ತಿ, ಮುಂಡಗೋಡ ಅಂದರೆ ಟಿಬೆಟನ್ ಕಾಲೊನಿ, ಜೋಯಿಡಾ ಅಂದರೆ ದಟ್ಟ ಕಾಡು. ನಮಗೆ ಗೊತ್ತಿರೋದು ಇಷ್ಟೇ. ಈ ಊರುಗಳ ಆಸುಪಾಸಿನ ಹಳ್ಳಿಗಳಲ್ಲೂ, ಪಕ್ಕದ ಯಲ್ಲಾಪುರದಲ್ಲೂ ಸಿದ್ದಿಗಳು ತಲೆತಲಾಂತರದಿಂದ ಬದುಕಿದ್ದಾರೆ. ಇವರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಈಗ ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕೊಂಕಣಿಯನ್ನೂ ಕನ್ನಡವನ್ನೂ ಆಡುತ್ತಾರೆ. ಆದರೂ ಪೇಟೆಗೆ ಬಂದರೆ "ನೀವು ಯಾವ ದೇಶದವರು?" ಅನ್ನೋ ಪ್ರಶ್ನೆ ತಪ್ಪಿದ್ದಲ್ಲ.

1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ, ಅಂದರೆ ಸಾಯ್, 'ವಿಶೇಷ ಪ್ರದೇಶ ಕ್ರೀಡೆ' ಅಂತ ಒಂದು ಯೋಜನೆ ಶುರುಮಾಡಿತು. ಕಾಡು, ಗುಡ್ಡ, ಕರಾವಳಿಯ ಜನರಲ್ಲಿ ಹುಟ್ಟಿನಿಂದ ಬಂದ ಕಸುವು ಇರುತ್ತದೆ, ಅದನ್ನು ಹುಡುಕಿ ತಿದ್ದಿದರೆ ಪದಕ ಬರುತ್ತದೆ ಅನ್ನೋದು ಅದರ ಲೆಕ್ಕಾಚಾರ. ಬಿಲ್ಲು ಹಿಡಿಯುವ ಬುಡಕಟ್ಟಿನವರಿಂದ ಬಿಲ್ಲುಗಾರರು, ಆಫ್ರಿಕಾ ಮೂಲದವರಿಂದ ಓಟಗಾರರು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ನಮ್ಮವರೇ ಆದ ಮಾರ್ಗರೆಟ್ ಆಳ್ವ ಅವರ ಕೈಲಿತ್ತು. 1987ರಲ್ಲಿ ಸಿದ್ದಿ ಹಳ್ಳಿಗಳಲ್ಲಿ ಮಕ್ಕಳ ಆಯ್ಕೆ ನಡೆಯಿತು. ಆಯ್ಕೆಯಾದ ಮಕ್ಕಳು ಮನೆ ಬಿಟ್ಟು ಸಾಯ್ ಹಾಸ್ಟೆಲ್ ಸೇರಿದರು. ಊಟ, ಬಟ್ಟೆ, ಶೂ, ಶಾಲೆ, ಕೋಚ್ ಎಲ್ಲವೂ ಅಲ್ಲೇ. ಕೂಲಿ ಮಾಡುವ ಅಪ್ಪ-ಅಮ್ಮಂದಿರಿಗೆ ಇದು ಸಣ್ಣ ಮಾತಲ್ಲ, ಯೋಚಿಸಿ ನೋಡಿ.

ಫಲ ಬರಲಿಲ್ಲವಾ ಅಂದರೆ, ಬಂತು. ಕಮಲಾ ಸಿದ್ದಿ ಹರ್ಡಲ್ಸ್ ಮತ್ತು ಹೆಪ್ಟಾಥ್ಲಾನ್‌ನಲ್ಲಿ ರಾಷ್ಟ್ರಮಟ್ಟಕ್ಕೆ ಏರಿದರು. ಜೂಜೆ ಜಾಕಿ ಹರ್ನೋಡ್ಕರ್ ಇನ್ನೊಂದು ಹೆಸರು. ಇದೇ ಯೋಜನೆ ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಲಿಂಬಾ ರಾಮ್ ಅನ್ನೋ ಬುಡಕಟ್ಟು ಹುಡುಗನನ್ನು ಹುಡುಕಿತ್ತು. ಆತ 1988, 1992, 1996 ಹೀಗೆ ಮೂರು ಒಲಿಂಪಿಕ್ಸ್‌ಗಳಲ್ಲಿ ಬಿಲ್ಲು ಹಿಡಿದ. ಅಂದರೆ ಯೋಜನೆಯೇ ಹುಸಿ ಅನ್ನುವಂತಿಲ್ಲ.

ಆದರೆ 1993ರಲ್ಲಿ ಸಿದ್ದಿಗಳ ಯೋಜನೆ ನಿಂತುಹೋಯಿತು.

ಇಲ್ಲಿ ಸುಮ್ಮನೆ ಒಂದು ಲೆಕ್ಕ ಹಾಕೋಣ. 1987ರಲ್ಲಿ 12 ವರ್ಷ ಇದ್ದ ಮಗುವಿಗೆ 1993ಕ್ಕೆ 18 ವರ್ಷ. ಪಿ.ಟಿ. ಉಷಾ 1976ರಲ್ಲಿ, 12ನೇ ವಯಸ್ಸಿಗೆ, ಕಣ್ಣೂರಿನ ಕ್ರೀಡಾ ಹಾಸ್ಟೆಲ್ ಸೇರಿದವರು. ಲಾಸ್ ಏಂಜಲೀಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿದ್ದು 1984ರಲ್ಲಿ, ಎಂಟು ವರ್ಷದ ಮೇಲೆ. ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ಕು ಚಿನ್ನ ಬಂದದ್ದು 1986ರಲ್ಲಿ, ಹತ್ತು ವರ್ಷದ ಮೇಲೆ. ಆರು ವರ್ಷಕ್ಕೇ ಹಾಸ್ಟೆಲ್ ಬಾಗಿಲು ಹಾಕಿದ್ದರೆ ಉಷಾ ಯಾರು ಅಂತ ನಮಗೆ ಗೊತ್ತಾಗುತ್ತಿತ್ತಾ? ಸತ್ನಾಂ ಕಥೆಯೂ ಅಷ್ಟೇ. ರೈತನ ಮಗ, ಚಿಕ್ಕಂದಿನಲ್ಲೇ ಲೂಧಿಯಾನದ ಅಕಾಡೆಮಿ ಸೇರಿ, 2010ರಲ್ಲಿ ಸ್ಕಾಲರ್‌ಶಿಪ್ ಮೇಲೆ ಫ್ಲೋರಿಡಾಕ್ಕೆ ಹೋಗಿ ಮತ್ತೆ ಐದು ವರ್ಷ ಬೆವರು ಸುರಿಸಿದ. ಇಷ್ಟಾಗಿಯೂ ಎನ್‌ಬಿಎಯ ಒಂದು ಪಂದ್ಯದಲ್ಲೂ ಆಡುವ ಅವಕಾಶ ಸಿಗಲಿಲ್ಲ. ಕೆಳಗಿನ ಹಂತದ ಲೀಗ್‌ನಲ್ಲಿ ಆಡಿದ, ಕೊನೆಗೆ ವೃತ್ತಿಪರ ಕುಸ್ತಿಗೆ ಹೋದ. ಏಳು ಅಡಿ ಎತ್ತರವೊಂದೇ ಸಾಲದು ಅಂತಾಯಿತು.

ಇನ್ನೊಂದು ಮಾತು. "ಆಫ್ರಿಕಾದವರು, ಹಾಗಾಗಿ ಓಡುತ್ತಾರೆ" ಅನ್ನೋ ತರ್ಕವೇ ನನಗೆ ಸರಿ ಕಾಣೋದಿಲ್ಲ. ದೂರದ ಓಟದಲ್ಲಿ ಜಗತ್ತನ್ನೇ ಗೆದ್ದ ಕೀನ್ಯಾದವರಲ್ಲಿ ಹೆಚ್ಚಿನವರು ರಿಫ್ಟ್ ಕಣಿವೆಯ ಎತ್ತರದ ಪ್ರದೇಶದ ಕಲೆಂಜಿನ್ ಜನ. ಸಿದ್ದಿಗಳ ಆಫ್ರಿಕನ್ ಪೂರ್ವಜರು ಬಾಂಟು ಭಾಷಿಕರಿಗೆ ಹತ್ತಿರದವರು ಅಂತ 2011ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನಗಳು ಹೇಳುತ್ತವೆ. ಇಡೀ ಖಂಡವನ್ನೇ ಒಂದು ಜಾತಿ ಅಂದುಕೊಂಡು, ಗುಂಗುರು ಕೂದಲು ನೋಡಿ ಪದಕ ಎಣಿಸಿದರೆ ಹೇಗೆ? ಓಡಿದ ಸಿದ್ದಿ ಮಕ್ಕಳು ಓಡಿದ್ದು ತಮ್ಮ ಶ್ರಮದಿಂದ, ಕೋಚ್ ಕಲಿಸಿದ್ದರಿಂದ. ರಕ್ತದಲ್ಲೇ ಇದೆ ಅಂದುಬಿಟ್ಟರೆ ಆ ಶ್ರಮಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ. ಪದಕ ಬರದಿದ್ದಾಗ ತಪ್ಪನ್ನೂ ಅದೇ ರಕ್ತದ ಮೇಲೆ ಹೊರಿಸಿ ಕೈತೊಳೆದುಕೊಳ್ಳೋದು ಸುಲಭ.

ಆಮೇಲೇನಾಯಿತು ಅಂತೀರಾ? 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಓದಿಗೆ, ನೌಕರಿಗೆ ಒಂದು ದಾರಿಯಾಯಿತು. ಆದರೆ 1993ರಲ್ಲಿ ಟ್ರ್ಯಾಕ್ ಬಿಟ್ಟು ಬಂದವರಿಗೆ ಅದು ಹತ್ತು ವರ್ಷ ತಡ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಹಳಿಯಾಳದ ಕುಸ್ತಿ ಅಖಾಡದಲ್ಲಿ ಸಿದ್ದಿ ಹೆಣ್ಣುಮಕ್ಕಳು ಪಟ್ಟು ಹಾಕಿ ಗೆದ್ದು ಬಂದರು. ಮುಂಡಗೋಡದ ಕಡೆ ಖಾಸಗಿ ಸಂಸ್ಥೆಯೊಂದು ಮತ್ತೆ ಓಟದ ತರಬೇತಿ ಶುರುಮಾಡಿತು.

ಈ ಮಕ್ಕಳ ಫೋಟೋ ಪೇಪರಿನಲ್ಲಿ ಬಂದಾಗಲೆಲ್ಲ "ಭಾರತದ ಬೋಲ್ಟ್" ಅಂತ ಯಾರಾದರೂ ಬರೆದೇ ಬರೆಯುತ್ತಾರೆ. ನನಗಂತೂ ಆ ಬಿರುದು ಬೇಡ. ಹುಡುಗಿ ಹತ್ತನೇ ವರ್ಷದಲ್ಲೂ ಅಭ್ಯಾಸ ಮಾಡುತ್ತಿದ್ದಾಳಾ, ಕಾಲು ನೋವಾದರೆ ನೋಡೋಕೆ ಡಾಕ್ಟರಿದ್ದಾರಾ, ಗೆಲ್ಲದೇ ಹೋದರೂ ಕೈಲಿ ಒಂದು ಡಿಗ್ರಿ ಇರುತ್ತದಾ ಅಂತ ಕೇಳಿ ಬರೆದರೆ ಸಾಕು. ಆ ಮೂರಕ್ಕೂ ಹೌದು ಅನ್ನೋ ಉತ್ತರ 1987ರ ಮಕ್ಕಳಿಗೆ ಸಿಕ್ಕಿದ್ದರೆ ನಾನು ಬೇರೆಯೇ ಕಥೆ ಬರೆಯುತ್ತಿದ್ದೆನೇನೋ.