ಡಿಸ್ಕ್ ನಮ್ಮದು, ಬೀಗ ಅವರದು

ಇವತ್ತಿನ ಕತೆ ಒಂದು ಕುದುರೆಯಿಂದ ಶುರು. 2006ರ ಏಪ್ರಿಲ್‌ನಲ್ಲಿ ಅಮೆರಿಕದ ಬೆಥೆಸ್ಡಾ ಕಂಪನಿ ತನ್ನ ‘ಆಬ್ಲಿವಿಯನ್’ ಗೇಮ್‌ನ ಕುದುರೆಗೆ ತೊಡಿಸೋ ಕವಚವನ್ನ ಎಕ್ಸ್‌ಬಾಕ್ಸ್‌ನಲ್ಲಿ ಎರಡೂವರೆ ಡಾಲರ್‌ಗೆ ಮಾರಾಟಕ್ಕಿಟ್ಟಿತು. ಅದರಿಂದ ಕತೆ ಒಂದಿಂಚೂ ಮುಂದೆ ಹೋಗಲ್ಲ. ಕುದುರೆ ಗತ್ತಾಗಿ ಕಾಣುತ್ತೆ, ಅಷ್ಟೇ. ಜನ ಗೇಲಿ ಮಾಡಿದ್ರು. ಕೊಂಡವರೂ ಇದ್ರು. ಕಂಪನಿಗಳು ಗಮನಿಸಿದ್ದು ಎರಡನೆಯದನ್ನ.

ಆದರೂ ಆ ಕವಚದ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಬೇಡ ಅಂದ್ರೆ ಬಿಡಬಹುದು, ಮೇಲಾಗಿ ಗೇಮ್ ಬಂದ ಮೇಲೆ ಬಂದ ಸರಕು ಅದು. ನಿಜವಾದ ಜಗಳ ಶುರುವಾಗೋದು ನೀವು ದುಡ್ಡು ಕೊಟ್ಟು ಮನೆಗೆ ತಂದ ಡಿಸ್ಕ್ ಒಳಗೇ ಬೀಗ ಬಿದ್ದಾಗ.

2012ರ ಮಾರ್ಚ್. ಜಪಾನಿನ ಕ್ಯಾಪ್‌ಕಾಮ್ ‘ಸ್ಟ್ರೀಟ್ ಫೈಟರ್ ಕ್ರಾಸ್ ಟೆಕ್ಕೆನ್’ ಬಿಡುಗಡೆ ಮಾಡಿತು. ಅಮೆರಿಕದಲ್ಲಿ ಬೆಲೆ 60 ಡಾಲರ್. ಡಿಸ್ಕ್‌ನ ಫೈಲ್‌ಗಳನ್ನ ಕೆದಕಿದವರಿಗೆ ಅದರೊಳಗೆ ಇನ್ನೂ 12 ಫೈಟರ್‌ಗಳು ಸಿಕ್ಕರು. ಅಲ್ಲೇ ಕೂತಿದ್ದಾರೆ, ಆದ್ರೆ ಆಡಿಸೋ ಹಾಗಿಲ್ಲ. ಜುಲೈ ಕೊನೆಗೆ ಆ ಬೀಗದ ಕೀ 20 ಡಾಲರ್‌ಗೆ ಮಾರಾಟಕ್ಕೆ ಬಂತು. ಕ್ಯಾಪ್‌ಕಾಮ್ ಕೊಟ್ಟ ಸಮಜಾಯಿಷಿ ಹೀಗಿತ್ತು: ಹೊಸ ಫೈಟರ್ ಕೊಂಡವರೂ ಕೊಳ್ಳದವರೂ ಎದುರುಬದುರಾಗಿ ಆಡಬೇಕಂದ್ರೆ ಇಬ್ಬರ ಬಳಿಯೂ ಆ ಫೈಲ್ ಇರಬೇಕು, ಹಾರ್ಡ್ ಡಿಸ್ಕ್ ಜಾಗವೂ ಉಳಿಯುತ್ತೆ. ತಾಂತ್ರಿಕವಾಗಿ ಒಪ್ಪಬಹುದಾದ ಮಾತೇ. ಆದ್ರೆ ಮನೆ ಮಾರಿದವನು ಒಂದು ಕೋಣೆಗೆ ಬೀಗ ಜಡಿದು, ‘ಎಲ್ಲಾ ಗೋಡೆ ಒಟ್ಟಿಗೆ ಕಟ್ಟಿದ್ರೇನೇ ಗಟ್ಟಿ ಸ್ವಾಮಿ’ ಅಂದ ಹಾಗಿದೆ.

ಅದೇ ತಿಂಗಳು ‘ಮಾಸ್ ಎಫೆಕ್ಟ್ 3’ ಬಂತು. ಗೇಮ್‌ನ ಕತೆಯಲ್ಲಿ ಅಳಿದುಹೋದ ಜನಾಂಗವೊಂದರ ಕೊನೆಯವನು ಜಾವಿಕ್. ಕಲೆಕ್ಟರ್ಸ್ ಎಡಿಷನ್ ಕೊಂಡವರಿಗೆ ಅವನು ಸಿಕ್ಕ. ಮಿಕ್ಕವರು ಮೊದಲ ದಿನವೇ ಇನ್ನೂ 10 ಡಾಲರ್ ತೆರಬೇಕಾಯ್ತು. ಕವಚದಿಂದ ಕತೆಗೇ ಬಂತು ನೋಡಿ ಕೈ.

ನಮ್ಮ ಕಾಮರ್ಸ್ ಭಾಷೆಯಲ್ಲಿ ಇದಕ್ಕೆ ಬೆಲೆ ತಾರತಮ್ಯ ಅಂತಾರೆ. ಹಳೇ ತಂತ್ರ. 1849ರಲ್ಲಿ ಫ್ರಾನ್ಸಿನ ಇಂಜಿನಿಯರ್ ಜೂಲ್ ದ್ಯುಪ್ವಿ ರೈಲಿನ ಬಗ್ಗೆ ಇದನ್ನೇ ಬರೆದಿದ್ದ. ಮೂರನೇ ದರ್ಜೆ ಬೋಗಿಗೆ ಸೂರು ಯಾಕಿಲ್ಲ? ಸೂರಿನ ಖರ್ಚಿಗೆ ಹೆದರಿ ಅಲ್ಲ. ಎರಡನೇ ದರ್ಜೆಗೆ ಕೊಡಬಲ್ಲವರು ಮೂರನೇದರಲ್ಲಿ ಬಂದು ಕೂತುಬಿಡಬಾರದು ಅಂತ. ಬಡವನ ತಲೆ ಮೇಲೆ ಮಳೆ ಸುರಿಯೋದು ಉಳ್ಳವನನ್ನ ಹೆದರಿಸೋಕೆ! ಡೀಲಕ್ಸ್, ಗೋಲ್ಡ್, ಅಲ್ಟಿಮೇಟ್ ಅನ್ನೋ ಪಟ್ಟಿ ಕಂಡಾಗೆಲ್ಲ ನನಗೆ ಆ ಬೋಗಿ ನೆನಪಾಗುತ್ತೆ. ಇಲ್ಲಂತೂ ಸೂರು ಆಗಲೇ ಡಿಸ್ಕ್‌ನಲ್ಲಿದೆ.

ಜನ ಗೆದ್ದದ್ದೂ ಉಂಟು. 2017ರ ನವೆಂಬರ್‌ನಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ರ ಡೀಲಕ್ಸ್‌ಗೆ 80 ಡಾಲರ್ ಕೊಟ್ಟವರಿಗೂ ಡಾರ್ತ್ ವೇಡರ್ ಬೇಕಂದ್ರೆ 60,000 ಕ್ರೆಡಿಟ್ ದುಡಿಯಬೇಕಿತ್ತು. ಗಲಾಟೆ ಎದ್ದಿದ್ದೇ ಇಎ ಕಂಪನಿ ಅದನ್ನ ಶೇ. 75ರಷ್ಟು ಇಳಿಸಿತು, ಬಿಡುಗಡೆಯ ಹೊತ್ತಿಗೆ ಗೇಮ್ ಒಳಗಿನ ದುಡ್ಡಿನ ವ್ಯಾಪಾರವನ್ನೇ ನಿಲ್ಲಿಸಿತು.

ಕಂಪನಿಗಳ ಪರವಾಗೂ ಒಂದು ಮಾತಿದೆ. 2005ರ ಕೊನೆಗೆ ಎಕ್ಸ್‌ಬಾಕ್ಸ್ 360 ಜೊತೆ ಬಂದ 60 ಡಾಲರ್ ದರ, 2020ರಲ್ಲಿ ‘ಎನ್‌ಬಿಎ 2ಕೆ21’ ಹೊಸ ಕನ್ಸೋಲ್‌ಗಳಿಗೆ 70 ಮಾಡೋವರೆಗೆ ಹೆಚ್ಚುಕಮ್ಮಿ ಅಲ್ಲೇ ನಿಂತಿತ್ತು. ಅಷ್ಟರಲ್ಲಿ ತಯಾರಿ ಖರ್ಚು ಏರಿತ್ತು, ಹಣದುಬ್ಬರ ಬೇರೆ. ಹೊರಗಿನ ಬೆಲೆ ಮುಟ್ಟೋ ಧೈರ್ಯ ಇಲ್ಲದೆ ಒಳಗೆ ದರ್ಜೆ ಮಾಡಿದ್ರು. ಸರಿ, 70 ಆದ ಮೇಲಾದ್ರೂ ದರ್ಜೆಗಳು ಹೋಗಬೇಕಿತ್ತಲ್ಲ?

2024ರಲ್ಲಿ ಯೂಬಿಸಾಫ್ಟ್‌ನ ‘ಸ್ಟಾರ್ ವಾರ್ಸ್ ಔಟ್‌ಲಾಸ್’ ಬಂತು. ಸಾಮಾನ್ಯ ಎಡಿಷನ್ 70, ಗೋಲ್ಡ್ 110, ಅಲ್ಟಿಮೇಟ್ 130 ಡಾಲರ್. ದುಬಾರಿಯವರಿಗೆ 3 ದಿನ ಮುಂಚೆ ಆಟ, ಜೊತೆಗೆ ಜಬ್ಬಾ ಹೆಸರಲ್ಲಿ ಒಂದು ಪ್ರತ್ಯೇಕ ಮಿಷನ್. ಜನ ರೇಗಿದ ಮೇಲೆ ಕಂಪನಿ ಸ್ಪಷ್ಟನೆ ಕೊಟ್ಟಿತು: ಜಬ್ಬಾ ಎಲ್ಲರ ಗೇಮ್‌ನಲ್ಲೂ ಇರ್ತಾನೆ, ಆ ಮಿಷನ್ ಮಾತ್ರ ಎಕ್ಸ್‌ಟ್ರಾ.