ರಾಗಿಯ ಬೆಂಕಿ ರೋಗ ಮತ್ತು ಅದನ್ನು ತಡೆಯುವ ತಳಿಗಳು

ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಖುಷ್ಕಿ ಹೊಲಗಳಲ್ಲಿ ಮಳೆ ನಂಬಿ ಬೆಳೆಯುವ ರಾಗಿಗೆ ದೊಡ್ಡ ಕಂಟಕ ಬೆಂಕಿ ರೋಗ. ಗೋಧಿಗೆ ತುಕ್ಕು ರೋಗ ಹೇಗೋ ರಾಗಿಗೆ ಇದು ಹಾಗೆ.

ರೋಗದ ಬಗೆ

ಇದಕ್ಕೆ ಕಾರಣ ಪೈರಿಕುಲೇರಿಯಾ ಎಂಬ ಶಿಲೀಂಧ್ರ. ಸಸಿಮಡಿಯಿಂದ ಕೊಯ್ಲಿನವರೆಗೆ ಯಾವಾಗ ಬೇಕಾದರೂ ತಗಲಬಹುದು. ಎಲೆಯ ಮೇಲೆ ನಡುವೆ ಬೂದುಬಣ್ಣ, ಅಂಚಿನಲ್ಲಿ ಕಂದು ಇರುವ ಕದಿರಿನಾಕಾರದ ಚುಕ್ಕೆ ಮೂಡುತ್ತದೆ. ಎಲೆ ಕೆಟ್ಟರೆ ಪೈರು ಚೇತರಿಸಿಕೊಂಡೀತು. ತೆನೆಯ ಕುತ್ತಿಗೆ ಕಪ್ಪಾದರೆ ಕಾಳು ಜೊಳ್ಳಾಗುತ್ತದೆ, ತೆನೆ ಮುರಿದು ಜೋತುಬೀಳುತ್ತದೆ. ಹೂವಾಡುವಾಗ ಮೋಡ, ಸೋನೆ, ಇಬ್ಬನಿ ಬಿಡದಿದ್ದರೆ ರೋಗ ಬೇಗ ಹಬ್ಬುತ್ತದೆ. ಬೀಜ, ಕೂಳೆ, ಬದುವಿನ ಹುಲ್ಲು ಇದರ ತಂಗುದಾಣಗಳು.

ಇಂಡಾಫ್‌ನಿಂದ ಜಿಪಿಯು-28ರವರೆಗೆ

ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯ ಅವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಳುವರಿ ಏರಿತು, ಬೆಂಕಿ ರೋಗದ ಕಾಟ ಮಾತ್ರ ತಪ್ಪಲಿಲ್ಲ. ಆಗ ರೋಗ ತಡೆಯುವ ಗುಣವಿದ್ದ ಐಇ-1012 ಎಂಬ ರಾಗಿ ತಳಿಯನ್ನು ಇಂಡಾಫ್-5 ಮತ್ತು ಇಂಡಾಫ್-9ರ ಜೊತೆ ಬೆರೆಸಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಜಿಪಿಯು-28 ರೂಪಿಸಲಾಯಿತು. 110ರಿಂದ 115 ದಿನಕ್ಕೆ ಕೊಯ್ಲಿಗೆ ಬರುವ ಈ ತಳಿ 1990ರ ದಶಕದ ಕೊನೆಯಿಂದ ದಕ್ಷಿಣ ಕರ್ನಾಟಕದ ಹೊಲಗಳನ್ನು ತುಂಬಿತು. ಔಷಧಿಗೆ ದುಡ್ಡಿಲ್ಲದ ಸಣ್ಣ ರೈತನಿಗೆ ಬೀಜದೊಳಗೇ ರಕ್ಷಣೆ ಸಿಕ್ಕಿತು. ನನ್ನ ಪ್ರಕಾರ ನಮ್ಮ ಕೃಷಿ ಸಂಶೋಧನೆಯ ಅತಿ ದೊಡ್ಡ ಸಾಧನೆಗಳಲ್ಲಿ ಇದೂ ಒಂದು.

ರೋಗ ತಡೆಯುವುದರಲ್ಲಿ ಕಾಳಿನ ಬಣ್ಣಕ್ಕೂ ಪಾತ್ರವಿದೆ. ಕಂದು ರಾಗಿಗಿಂತ ಬಿಳಿ ರಾಗಿಗೆ ರೋಗ ಸುಲಭವಾಗಿ ತಗಲುತ್ತದೆ.

ಒಂದೇ ತಳಿಯ ಅಪಾಯ

ರಾಗಿಯ ಮತ್ತೊಂದು ತಳಿ ಎಂಎಲ್-365ರ ಹೆತ್ತವರೂ ಐಇ-1012 ಮತ್ತು ಇಂಡಾಫ್-5. ಹೆಸರು ಬೇರೆಯಾದರೂ ರಕ್ಷಣೆಯ ಮೂಲ ಒಂದೇ. ಶಿಲೀಂಧ್ರ ತನ್ನ ರೂಪ ಬದಲಿಸಿಕೊಂಡು ಆ ರಕ್ಷಣೆಯನ್ನು ಮೀರಿದರೆ ಎರಡೂ ಒಟ್ಟಿಗೆ ಸೋಲಬಹುದು. ಗೋಧಿಯಲ್ಲಿ ಇದು ನಡೆದೇ ಹೋಗಿದೆ: ದಶಕಗಳ ಕಾಲ ಕಾಂಡದ ತುಕ್ಕನ್ನು ತಡೆದಿದ್ದ ಎಸ್‌ಆರ್-31 ಜೀನ್‌ ಅನ್ನು ಉಗಾಂಡದಲ್ಲಿ 1990ರ ದಶಕದ ಕೊನೆಗೆ ಕಂಡ ಹೊಸ ತುಕ್ಕು ದಾಟಿತು.

ರೈತರು ಮಾಡಬೇಕಾದದ್ದು

ಬೇರೆ ಬೇರೆ ಮೂಲದ ಎರಡು ತಳಿಗಳನ್ನಾದರೂ ಬಿತ್ತಿ. ರೋಗ ಕಂಡ ತಾಕಿನಿಂದ ಬೀಜ ಎತ್ತಿಡಬೇಡಿ. ಕಿಲೋ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಂ ಹಾಕಿ ಬೀಜೋಪಚಾರ ಮಾಡಿ. ಜಿಪಿಯು-28ರಲ್ಲೂ ಕುತ್ತಿಗೆ ಕಪ್ಪಾದ ತೆನೆಗಳು ಹೆಚ್ಚಾಗಿ ಕಂಡರೆ ಸುಮ್ಮನಿರದೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಮಾದರಿ ಒಯ್ದು ತೋರಿಸಿ.