ಕೌದಿ ಬಟ್ಟೆಗೆ ಕ್ರೇಯಾನ್ ಬಣ್ಣ: ಇಸ್ತ್ರಿ ಹಾಕಿದರಷ್ಟೇ ನಿಲ್ಲುತ್ತೆ
ಗುರುಪುರ: ಟಿಬೆಟನ್ ಕಾರ್ಪೆಟ್‌ನಲ್ಲಿ ಬಣ್ಣ ನೂಲಿನಲ್ಲೇ ಇರುತ್ತದೆ. ಕೌದಿ ತುಂಡಿನ ಮೇಲೆ ಮೇಣದ ಕ್ರೇಯಾನ್‌ನಿಂದ ಬರೆದ ಹೂವು ಹಾಗಲ್ಲ, ಮೇಲೆಯೇ ಕೂತಿರುತ್ತೆ. ಅದನ್ನು ನೂಲಿಗೆ ಇಳಿಸೋದು ಇಸ್ತ್ರಿ ಪೆಟ್ಟಿಗೆ.

ಹತ್ತಿ ಬಟ್ಟೆಯೇ ಆಗಬೇಕು. ಪಾಲಿಯೆಸ್ಟರ್ ಬಿಸಿಗೆ ಕರಗೀತು. ಹೊಸದಾದರೆ ಮೊದಲು ಒಗೆದು ಗಂಜಿ ತೆಗೆಯಿರಿ. ಅಂಗಡಿಯಲ್ಲಿ ‘ವಾಷಬಲ್’ ಕ್ರೇಯಾನ್ ಕೊಟ್ಟರೆ ಬೇಡ ಅನ್ನಿ, ಅದು ಒಗೆದರೆ ಹೋಗಲೆಂದೇ ಮಾಡಿದ್ದು. ಆಯಿಲ್ ಪೇಸ್ಟಲ್ಲೂ ಬೇಡ, ಎಣ್ಣೆ ಕಲೆ ಬೀಳುತ್ತೆ.

ಗಾಢವಾಗಿ ಬಳಿದು, ಮೇಲೆ ಕೆಳಗೆ ಬಿಳಿ ಹಾಳೆ ಇಟ್ಟು, ಆವಿಯಿಲ್ಲದೆ ಒತ್ತಿ, ಉಜ್ಜಬೇಡಿ. ನ್ಯೂಸ್‌ಪೇಪರ್ ಇಟ್ಟರೆ ಅದರ ಮಸಿಯೂ ಅಂಟೀತು! ಹಾಳೆಗೆ ಮೇಣ ಹತ್ತುವುದು ನಿಲ್ಲುವವರೆಗೂ ಹಾಳೆ ಬದಲಿಸುತ್ತಿರಿ. ಮೇಣ ಹೋಗುತ್ತೆ, ಬಣ್ಣ ಉಳಿಯುತ್ತೆ.

ಅಜ್ಜಿಯ ಹಳೇ ಸೀರೆಯ ತುಂಡಾದರೆ ಮೊದಲು ಬೇರೆ ಚಿಂದಿಯ ಮೇಲೆ ಬರೆದು, ಇಸ್ತ್ರಿ ಹಾಕಿ, ಒಗೆದು ನೋಡಿ. ಹೊಲಿಗೆ ಆಮೇಲೆ. ಕೌದಿಯನ್ನು ತಣ್ಣೀರಲ್ಲೇ ಒಗೆದು ನೆರಳಲ್ಲಿ ಒಣಹಾಕಿ.